ಪಾವತಿ ಪುಸ್ತಕ ಯಾರ ಕೈಗೆ?

ಸಂತೆ ಕರದ ಹರಾಜು ನಮ್ಮ ಪಂಚಾಯಿತಿಗಳಿಗೆ ಹೊಸದಲ್ಲ. ಹೆಚ್ಚು ಸವಾಲು ಕೂಗಿದವನಿಗೆ ವರ್ಷದ ವಸೂಲಿ. ಕೂಗಿದ ರೊಕ್ಕ ಮರಳಿ ಬರಬೇಕಲ್ಲ. ಅದಕ್ಕೇ ಅವನ ಆಳು ಪಾವತಿ ಪುಸ್ತಕ ಹಿಡಿದು, ನಾಲ್ಕು ಸಿವುಡು ಕೊತ್ತಂಬರಿ ಇಟ್ಟುಕೊಂಡು ಕೂತ ಮುದುಕಿಯನ್ನೂ ಬಿಡುವುದಿಲ್ಲ. ಸಂತೆ ನಡೆಯುವ ಹನುಮಸಾಗರದಂಥ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಲೆಕ್ಕವನ್ನು ಕಸದ ದಂಡಕ್ಕೂ ಹಚ್ಚಿದರೆ?

ಮುಂಬೈ ಹಚ್ಚಿ ನೋಡಿದೆ. ಉಗುಳಿದವರು, ಕಸ ಚೆಲ್ಲಿದವರಿಂದ ದಂಡ ಕೀಳಲು ಅಲ್ಲಿನ ಪಾಲಿಕೆ ಖಾಸಗಿ ಏಜೆನ್ಸಿಗಳ ‘ಕ್ಲೀನ್‌ಅಪ್ ಮಾರ್ಷಲ್’ಗಳನ್ನು ಬೀದಿಗಿಳಿಸಿತು. ಬಂದದ್ದರಲ್ಲಿ ಅರ್ಧ ಪಾಲಿಕೆಗೆ, ಅರ್ಧ ಏಜೆನ್ಸಿಗೆ. ಸುಲಿಗೆಯ ದೂರುಗಳು ಬೆನ್ನು ಹತ್ತಿದವು. ನಿಂತಿದ್ದ ಯೋಜನೆ 2024ರಲ್ಲಿ ಮತ್ತೆ ಶುರುವಾಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ ನಿಂತಿತು. ಬ್ರಿಟನ್ನಿನಲ್ಲೂ ಇದೇ ಕತೆ: ಸ್ಥಳೀಯ ಸಂಸ್ಥೆಗಳ ಪರವಾಗಿ ದಂಡ ಹಾಕುವ ಕಂಪನಿಯೊಂದರ ಸಿಬ್ಬಂದಿಗೆ ಚೀಟಿ ಹರಿದಷ್ಟೂ ಬೋನಸ್ ಸಿಗುತ್ತದೆಂಬುದನ್ನು 2017ರಲ್ಲಿ ಬಿಬಿಸಿಯ ‘ಪನೋರಮಾ’ ಬಯಲಿಗೆಳೆಯಿತು.

ದಂಡದಲ್ಲಿ ಪಾಲು ಇರುವವನಿಗೆ ಸ್ವಚ್ಛ ಬೀದಿ ಎಂದರೆ ನಷ್ಟ. ಅವನು ನಿಲ್ಲುವುದು ಬಸ್ ನಿಲ್ದಾಣದಲ್ಲಿ. ಕುಷ್ಟಗಿ ಬಸ್ಸಿಗೆ ಕಾದವನ ಕೈಯಿಂದ ಗುಟ್ಕಾ ಚೀಟಿ ಯಾವಾಗ ಜಾರೀತು ಎಂದು ನೋಡುತ್ತ. ರಾತ್ರಿ ಊರ ಹೊರಗೆ ಟ್ರಾಕ್ಟರ್ ತುಂಬ ತ್ಯಾಜ್ಯ ಸುರಿದು ಹೋಗುವವನನ್ನು ಹಿಡಿಯಲು ನಿದ್ದೆಗೆಡಬೇಕು, ಜಗಳಕ್ಕೆ ನಿಲ್ಲಬೇಕು. ಆ ಶ್ರಮಕ್ಕೆ ಗಿಟ್ಟುವುದು ಒಂದೇ ಪಾವತಿಯ ಪಾಲು.

ದಂಡವೇ ಬೇಡ ಎನ್ನುತ್ತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಸ್ಥಳದಲ್ಲೇ ದಂಡ ಹಾಕುವ ದಾರಿ ಕೊಟ್ಟಿದ್ದವು. ಆದರೆ ಮೊತ್ತ ಜನರಿಗೆ ಸಹ್ಯವಾಗಿರಬೇಕು. 2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1000 ರೂಪಾಯಿ ಎಂದ ನಮ್ಮ ರಾಜ್ಯ ಸರ್ಕಾರ, ಬೆಂಗಳೂರಿನ ಬೀದಿಗಳಲ್ಲಿ ಮಾರ್ಷಲ್‌ಗಳ ಜೊತೆ ಜಗಳ ಹೆಚ್ಚಿದ್ದೇ ತಡ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು.

ಹಳ್ಳಿಗಳಲ್ಲಿ ನಮಗೊಂದು ಬೇರೆ ದಾರಿ ಆಗಲೇ ತೆರೆದಿದೆ. ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳೆಯರೇ ‘ಸ್ವಚ್ಛ ವಾಹಿನಿ’ ಓಡಿಸಿ ಮನೆಮನೆಯ ಕಸ ಒಯ್ಯುತ್ತಾರೆ. ಯಾವ ಮನೆಯವರು ಒಣಕಸ, ಹಸಿಕಸ ಬೇರೆ ಮಾಡುತ್ತಾರೆ, ಯಾರು ಗಟಾರಕ್ಕೆ ಸುರಿಯುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಯಾವ ಏಜೆನ್ಸಿಗೂ ಗೊತ್ತಾಗದು. ಅವರ ಮಾತಿನ ಮೇಲೆ ಪಂಚಾಯಿತಿ ಸಿಬ್ಬಂದಿ ಮೊದಲು ಎಚ್ಚರಿಕೆ ಕೊಡಲಿ, ಆಮೇಲೆ ದಂಡ ಹಾಕಲಿ. ರೊಕ್ಕ ಪಂಚಾಯಿತಿ ಖಾತೆಗೆ ಹೋಗಲಿ. ಆ ಮಹಿಳೆಯರ ಸಂಬಳ ಮಾತ್ರ ಈ ದಂಡದಿಂದ ಬರುವುದು ಬೇಡ. ಬಂದರೆ ಅವರೂ ಮಾರ್ಷಲ್‌ಗಳೇ ಆದಾರು. ವಾಹನ ವಾರಕ್ಕೊಮ್ಮೆ ಮುಖ ತೋರಿಸುವ ಓಣಿಯಲ್ಲಂತೂ ದಂಡದ ಮಾತೇ ಎತ್ತಬಾರದು.

ದಂಡ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪ್ರಸ್ತಾವ ಸಭೆಗೆ ಬಂದ ದಿನ ಸದಸ್ಯರು ಒಂದು ಪ್ರಶ್ನೆ ಕೇಳಲಿ: ಊರಲ್ಲಿ ಯಾರೂ ಕಸ ಚೆಲ್ಲದ ತಿಂಗಳು ಗುತ್ತಿಗೆದಾರ ತನ್ನ ಆಳುಗಳಿಗೆ ಪಗಾರ ಎಲ್ಲಿಂದ ಕೊಡುತ್ತಾನೆ?