ನೆಲದಡಿಯ ದಾರಿ ಯಾರದು?

ಟೊರಾಂಟೊದ ಜನವರಿಯನ್ನು ಕಂಡವರಿಗೆ ಆ ನಗರದ ನೆಲದಡಿಯಲ್ಲಿ ಹಬ್ಬಿರುವ 'ಪಾತ್' ಎಂಬ ಕಾಲುದಾರಿಗಳ ಬೆಲೆ ಗೊತ್ತು. 30 ಕಿಲೋಮೀಟರಿಗೂ ಮಿಗಿಲಾದ ಈ ಜಾಲ 70ಕ್ಕೂ ಹೆಚ್ಚು ಕಟ್ಟಡಗಳನ್ನು, ಸಬ್‌ವೇ ನಿಲ್ದಾಣಗಳನ್ನು, ಯೂನಿಯನ್ ರೈಲು ನಿಲ್ದಾಣವನ್ನು ಒಂದಕ್ಕೊಂದು ಬೆಸೆದಿದೆ. ಮೇಲೆ ಹಿಮ ಸುರಿಯುತ್ತಿರುವಾಗ ರೈಲಿನಿಂದ ಕಚೇರಿಗೆ, ಕಚೇರಿಯಿಂದ ಊಟಕ್ಕೆ ಜನ ಬೆಚ್ಚಗೆ ನಡೆದುಹೋಗುತ್ತಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಆದರೆ ಗಾಲಿಕುರ್ಚಿಯಲ್ಲಿ ಬಂದವರ ಪಾಲಿಗೆ ಇದೇ ದಾರಿ ನಡುವೆ ಎದುರಾಗುವ ನಾಲ್ಕಾರು ಮೆಟ್ಟಿಲುಗಳ ಮುಂದೆ ಮುಗಿದುಹೋಗುತ್ತದೆ.

ಈ ಮೆಟ್ಟಿಲುಗಳ ಹಿಂದೆ ದುರುದ್ದೇಶವೇನೂ ಇರಲಿಲ್ಲ. 1900ರಲ್ಲಿ ಈಟನ್ಸ್ ಮಳಿಗೆ ತನ್ನ ಕಟ್ಟಡಗಳ ನಡುವೆ ತೋಡಿದ ಸುರಂಗದಿಂದ ಈ ಜಾಲದ ಕಥೆ ಆರಂಭವಾಗುತ್ತದೆ. ಮುಂದೆ ಗಗನಚುಂಬಿಗಳು ಎದ್ದಂತೆಲ್ಲ ಒಂದು ನೆಲಮಾಳಿಗೆ ಪಕ್ಕದ ನೆಲಮಾಳಿಗೆಗೆ ಸೇರಿಕೊಂಡಿತು. ಒಂದರ ನೆಲ ಮೇಲೆ, ಇನ್ನೊಂದರದು ಕೆಳಗೆ. ಆ ಅಂತರಕ್ಕೆ ಮೆಟ್ಟಿಲೇ ಅಗ್ಗದ ಉತ್ತರವಾಯಿತು. ಒಂದೊಂದು ತುಂಡಿಗೂ ಒಬ್ಬೊಬ್ಬ ಒಡೆಯ. 1987ರಲ್ಲಿ ನಗರಾಡಳಿತ ಸಮನ್ವಯದ ಹೊಣೆ ಹೊತ್ತ ನಂತರ ದಿಕ್ಕು ತೋರುವ ಬಣ್ಣದ ಫಲಕಗಳು ಎಲ್ಲೆಡೆ ಒಂದೇ ಬಗೆಯಾದವು. ಫಲಕ ಒಂದಾಯಿತು, ನೆಲ ಒಂದಾಗಲಿಲ್ಲ.

ಮೆಟ್ಟಿಲು ಏರಲಾರದವರಿಗೆ ಬದಲಿ ದಾರಿ ಇದೆ ಎಂಬುದು ಸಿದ್ಧ ಉತ್ತರ. ಅದನ್ನು ನಂಬಿದವರು ಮತ್ತೊಂದು ಕಟ್ಟಡದ ಲಿಫ್ಟ್ ಹುಡುಕಬೇಕು. ಕೆಲವೊಮ್ಮೆ ರಸ್ತೆಗೇ ಬಂದು ಹಿಮದ ನಡುವೆ ಇನ್ನೊಂದು ಬಾಗಿಲು ಸೇರಬೇಕು. ಕಚೇರಿಯ ವೇಳೆ ಮುಗಿದು ಬೀಗ ಬಿದ್ದರೆ, ಲಿಫ್ಟ್ ಕೆಟ್ಟು ನಿಂತರೆ ಅದೂ ಇಲ್ಲ. ಹಿಮ ನಡೆಯಬಲ್ಲವರಿಗೆ ಕಿರಿಕಿರಿ, ಗಾಲಿಕುರ್ಚಿಗೆ ಗೋಡೆ. ಒಳದಾರಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಅದು ಹೊರಗೆ ಕಳಿಸುತ್ತಿದೆ. ಒಬ್ಬರಿಗೆ ಹೆಬ್ಬಾಗಿಲು, ಇನ್ನೊಬ್ಬರಿಗೆ ಹಿತ್ತಿಲ ಬಾಗಿಲು ಎಂಬ ಏರ್ಪಾಟಿನ ಅರ್ಥವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇಲ್ಲವೆಂದಲ್ಲ. ಇಡೀ ಒಂಟಾರಿಯೊ ಪ್ರಾಂತ್ಯವನ್ನು ಅಂಗವಿಕಲರಿಗೆ ಸುಗಮಗೊಳಿಸುವುದಾಗಿ 2005ರ ಕಾಯ್ದೆ ಮಾತು ಕೊಟ್ಟಿತ್ತು. ಅದಕ್ಕೆ ಇಟ್ಟ ಗಡುವು 2025ರ ಜನವರಿ 1. ಗಡುವು ಕಳೆಯಿತು, ಮೆಟ್ಟಿಲುಗಳು ಉಳಿದವು. ಕಟ್ಟಡ ಸಂಹಿತೆಯ ನಿಯಮಗಳು ಹೊಸ ಕಟ್ಟಡಕ್ಕೆ ಮತ್ತು ದೊಡ್ಡ ನವೀಕರಣಕ್ಕೆ ಅನ್ವಯಿಸುತ್ತವೆ. ಹಳೆಯದು ಹಳೆಯದಾಗಿಯೇ ಇರಬಹುದು. ಮಾನವ ಹಕ್ಕುಗಳ ಸಂಹಿತೆ ಹಕ್ಕನ್ನು ಕೊಡುತ್ತದೆ, ಆದರೆ ದೂರು ಹೊತ್ತು ಅಲೆಯುವ ಹೊರೆಯನ್ನು ನೊಂದವರ ಹೆಗಲಿಗೇ ಹೊರಿಸುತ್ತದೆ. ನೆಲದಡಿಯ ನಗರಕ್ಕೆ ಹೆಸರಾದ ಮೊಂಟ್ರಿಯಲ್‌ನ ಪಾಠವೂ ಇದೇ: ಅಲ್ಲಿನ ಮೆಟ್ರೊ 1966ರಲ್ಲಿ ಆರಂಭವಾಯಿತು, ಲಿಫ್ಟ್ ಇರುವ ಮೊದಲ ನಿಲ್ದಾಣಗಳು ತೆರೆದದ್ದು 2007ರಲ್ಲಿ. ಒಂದು ತಲೆಮಾರು ಆ ಬಾಗಿಲಲ್ಲಿ ಕಾಯುತ್ತಲೇ ಮುಪ್ಪಾಯಿತು.

ಖಾಸಗಿ ಆಸ್ತಿ, ದುಬಾರಿ ಕೆಲಸ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಹಳೆಯ ನೆಲಮಾಳಿಗೆಯಲ್ಲಿ ಇಳಿಜಾರು ಅಥವಾ ಲಿಫ್ಟ್‌ಗೆ ಜಾಗ ಮಾಡುವುದು ಸುಲಭವಲ್ಲ. ಆದರೆ ಈ ಅಂಗಡಿಗಳಿಗೆ ಬಾಡಿಗೆ ಹುಟ್ಟುವುದು ಜನರ ಹಣದಿಂದ ಕಟ್ಟಿದ ಸಬ್‌ವೇ ತಂದು ಬಿಡುವ ಗಿರಾಕಿಗಳಿಂದ. ಸಾರ್ವಜನಿಕ ರಸ್ತೆಯ ಅಡಿಯಲ್ಲಿ ಸುರಂಗ ತೋಡಲು ನಗರದ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಬೆಲೆ ಕೇಳುವ ಹಕ್ಕು ನಗರಕ್ಕಿದೆ: ಮೆಟ್ಟಿಲಿರುವ ಕಡೆ ಮೆಟ್ಟಿಲಿಲ್ಲದ ದಾರಿ, ದಾರಿ ತೆರೆದಿರುವಷ್ಟು ಹೊತ್ತೂ ತೆರೆದಿರುವ ಲಿಫ್ಟ್, ಪ್ರತಿ ತುಂಡಿಗೂ ಬರೆದಿಟ್ಟ ಗಡುವು, ತಪ್ಪಿದರೆ ದಂಡ.

ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮ ಮಂಡಿನೋವಿನಿಂದ ಕೈಕಂಬಿ ಹಿಡಿದು ನಿಂತಾಗ ಅನೇಕ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಮೊದಲ ಬಾರಿಗೆ ಕಾಣುತ್ತದೆ. ಅದು ಅಲ್ಲಿಗೇ ನಿಲ್ಲಬಾರದು. ಬಾಡಿಗೆಗೆ ಹಿಡಿದ ಸಭಾಂಗಣದ ವೇದಿಕೆಗೆ ಮೆಟ್ಟಿಲ ಹೊರತು ದಾರಿಯಿದೆಯೇ ಎಂದು ಪ್ರತಿ ಕನ್ನಡ ಸಂಘವೂ ಮೊದಲು ತನ್ನನ್ನೇ ಕೇಳಿಕೊಳ್ಳಬೇಕು; ಆಮೇಲೆ ನಗರಸಭಾ ಸದಸ್ಯರನ್ನು ಕೇಳಬೇಕು. 'ವಿಶೇಷ ಚೇತನ' ಎಂಬ ಸಿಹಿ ಹೆಸರು ಯಾವ ಮೆಟ್ಟಿಲನ್ನೂ ಕರಗಿಸಿಲ್ಲ. ಕೇಳುತ್ತಿರುವುದು ಕರುಣೆಯನ್ನಲ್ಲ, ಎಲ್ಲರೂ ನಡೆಯುವ ದಾರಿಯನ್ನು.