ತೆಪ್ಪ ಹತ್ತೋ ಮುಂಚೆ ತಳ ನೋಡಿ

ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದವರು ತೆಪ್ಪದಲ್ಲಿ ಒಂದು ಸುತ್ತು ಹಾಕದೆ ಬರೋದು ಕಡಿಮೆ. ಹತ್ತೋ ಮುಂಚೆ ಚೌಕಾಸಿ ಮಾಡ್ತೀವಿ, ಹತ್ತಿದ ಮೇಲೆ "ಗಿರಗಿರ ತಿರುಗ್ಸಣ್ಣ" ಅಂತೀವಿ, ಫೋಟೋ ತೆಗೀತೀವಿ. ಕಾಲ ಕೆಳಗಿರೋ ತಳದ ಕಡೆ ಮಾತ್ರ ಯಾರೂ ನೋಡಲ್ಲ. ನಾನೂ ನೋಡಿರಲಿಲ್ಲ. ಹೋದ ಬೇಸಿಗೇಲಿ ಪಾಂಡವಪುರದ ಕಡೆ ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ಮೀನು ಹಿಡಿಯೋ ಒಬ್ಬರು ತಮ್ಮ ತೆಪ್ಪಾನ ಬೋರಲು ಹಾಕಿ ಡಾಂಬರು ಬಳೀತಿದ್ದರು. ಅರ್ಧ ದಿನ ಅಲ್ಲೇ ಕೂತುಬಿಟ್ಟೆ.

ತೆಪ್ಪ ಅಂದರೆ ಬಿದಿರ ದಬ್ಬೆಯಲ್ಲಿ ಹೆಣೆದ ದೊಡ್ಡ ಬುಟ್ಟಿ, ಅಷ್ಟೇ. ನೀರು ತಡೆಯೋದೆಲ್ಲ ಹೊರಗಿನ ಹೊದಿಕೆ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿ ಹತ್ತಿರ ಚರ್ಮ ಹೊದಿಸಿದ ಇಂಥದ್ದೇ ದುಂಡನೆ ದೋಣಿಗಳ ಬಗ್ಗೆ ಬರೆದಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. (ನಮ್ಮ ಕಡೆ ರಸ್ತೆಗಿಂತ ತೆಪ್ಪದ ಮೇಲೇ ಡಾಂಬರು ಚೆನ್ನಾಗಿ ನಿಲ್ಲುತ್ತೆ ಅನ್ನೋದು ಬೇರೆ ಮಾತು :) )

ಕೆಲಸ ನೋಡೋಕೆ ಸುಲಭ. ತಳ ಪೂರ್ತಿ ಒಣಗಬೇಕು, ತೇವ ಇದ್ದರೆ ಡಾಂಬರು ಹಿಡಿಯಲ್ಲ. ಆಮೇಲೆ ತೆಪ್ಪಾನ ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡ್ತಾರೆ. ತೂತಿದ್ದ ಕಡೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ತೂತಿಗಿಂತ ದೊಡ್ಡ ತೇಪೆ ಕತ್ತರಿಸಿ, ಕೆಳಗೊಂದು ಪದರ ಡಾಂಬರು, ಮೇಲೊಂದು ಪದರ. ನಾನು ತೇಪೆ ಹಾಕೋದೇ ಮುಖ್ಯ ಅಂದುಕೊಂಡಿದ್ದೆ. ಅಲ್ಲವಂತೆ. "ಒಳ್ಗೆ ದಬ್ಬೆ ಮುರ್ದಿದ್ರೆ ಎಷ್ಟ್ ತೇಪೆ ಹಾಕಿದ್ರೂ ಚುಚ್ಚಿ ಹರೀತದೆ ಸಾರ್" ಅಂದರು. ಮೊದಲು ಮುರಿದ ದಬ್ಬೆ ಪಕ್ಕ ಹೊಸದೊಂದು ತೂರಿಸಿ ಕಟ್ಟಬೇಕು, ಆಮೇಲೆ ತೇಪೆ.

ಇದನ್ನು ನೋಡ್ತಾ ಅಮೆರಿಕದಲ್ಲಿರೋ ನಮ್ಮ ಭಾವಮೈದ ನೆನಪಾದ. ಅವನಿಗೆ ಹಿಮದಲ್ಲಿ ಜಾರೋ ಹುಚ್ಚು. ಕಲ್ಲು ತಾಗಿ ಸ್ಕೀ ತಳ ಗೀರಿದರೆ ಗ್ಯಾರೇಜಿನಲ್ಲೇ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಗೀರು ತುಂಬಿ, ಸ್ಟೀಲ್ ಪಟ್ಟಿಯಲ್ಲಿ ಹೆರೆದು ಸಮ ಮಾಡಿ, ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಬಳೀತಾನೆ. ಸ್ಕೀ ತಳಾನೂ ಪಾಲಿಥೀನೇ, ನಮ್ಮ ಚೀಲದ ದೂರದ ನೆಂಟ. ಅವನ ಕೆಲಸಕ್ಕೆ ಅಂತಲೇ ಅಂಗಡಿ, ಪುಸ್ತಕ, ವೀಡಿಯೋ ಎಲ್ಲ ಇವೆ. ಅದು ಹವ್ಯಾಸ. ಇಲ್ಲಿ ಅದೇ ಕೆಲಸ ಮಾಡಿದರೆ "ಪಾಪ, ಹೊಸದು ತಗೊಳ್ಳೋಕೆ ದುಡ್ಡಿಲ್ಲ" ಅಂತೀವಿ!

ಮಾತೆತ್ತಿದರೆ ಫೈಬರ್ ತೆಪ್ಪ ಕೊಡಿ ಅನ್ನೋರಿದ್ದಾರೆ. ನನಗೇನೂ ವಿರೋಧ ಇಲ್ಲ, ಫೈಬರ್ ಕೊಳೆಯಲ್ಲ. ಆದರೆ ಕಾವೇರಿ ತುಂಬಾ ಬಂಡೆ. ಬಡಿದು ಬಿರುಕು ಬಿಟ್ಟರೆ ಮುಚ್ಚೋಕೆ ರೆಸಿನ್, ಅದು ಗಟ್ಟಿಯಾಗೋಕೆ ಹಾಕೋ ಹಾರ್ಡನರ್, ಗಾಜಿನ ನಾರಿನ ಬಟ್ಟೆ ಬೇಕು. ಅವು ಕೈಗೆ ಸಿಗದಿದ್ದರೆ ಅದರ ಮೇಲೂ ಡಾಂಬರೇ ಬೀಳುತ್ತೆ. ಕೊಡೋರು ತೆಪ್ಪದ ಜೊತೆ ಒಂದು ಡಬ್ಬ ರೆಸಿನ್ ಕೊಟ್ಟು, ಒಂದು ದಿನ ಕೂರಿಸಿ ಹೇಳಿಕೊಡಲಿ. ಇಲ್ಲದಿದ್ದರೆ ಮನೇಲೇ ರಿಪೇರಿ ಆಗೋ ಬಿದಿರೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಡಾಂಬರಿನದ್ದೂ ಒಂದು ಮಾತು ಹೇಳಲೇಬೇಕು. ಕಲ್ಲಿದ್ದಲಿನಿಂದ ಬರೋ ಟಾರು ಕ್ಯಾನ್ಸರ್ ತರುತ್ತೆ, ಅದರ ಹೊಗೆ ಕುಡೀಬಾರದು. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕಾಯಿಸಬೇಕು. ಬೆಂಕಿ ಹತ್ತಿಕೊಂಡರೆ ನೀರು ಸುರೀಬೇಡಿ, ಸಿಡಿಯುತ್ತೆ. ಮುಚ್ಚಳ ಮುಚ್ಚಬೇಕು. ಸ್ಕೀ ಮಂದಿಗೂ ಇಂಥದ್ದೇ ತಲೆನೋವಿತ್ತು. ಜೋರಾಗಿ ಜಾರಲಿ ಅಂತ ಬಳೀತಿದ್ದ ಫ್ಲೋರಿನ್ ಮೇಣವನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರಿಂದ ತನ್ನ ಸ್ಪರ್ಧೆಗಳಲ್ಲಿ ನಿಷೇಧಿಸಿತು. ನಮ್ಮ ತೆಪ್ಪದವರ ಹೊಗೆ ಬಗ್ಗೆ ಯೋಚಿಸೋ ಒಕ್ಕೂಟ ಯಾವುದು?

ಲೈಫ್ ಜಾಕೆಟ್ ಬೇಕೇ ಬೇಕು. ಆದರೆ ಜಾಕೆಟ್ ಕೆಲಸಕ್ಕೆ ಬರೋದು ನೀರಿಗೆ ಬಿದ್ದ ಮೇಲೆ. ತಳ ಚಪ್ಪಟೆ ಇರೋದರಿಂದ ತೆಪ್ಪ ಗೇಣುದ್ದ ನೀರಲ್ಲೂ ಬಂಡೆ ಮೇಲೆ ತೇಲಿ ಹೋಗುತ್ತೆ. "ಇನ್ನಿಬ್ಬರನ್ನ ಕೂರಿಸ್ಕೊಳಣ್ಣ, ಅದೇ ರೇಟಿಗೆ" ಅಂದಾಗ ತೆಪ್ಪ ಕೆಳಗಿಳಿದು ಬಂಡೆಗೆ ಉಜ್ಜುತ್ತೆ. ಆ ಇಬ್ಬರ ಖರ್ಚು ತಳದ ಮೇಲೆ ಬೀಳುತ್ತೆ, ತಳದ ಖರ್ಚು ತೆಪ್ಪದವರ ಮೇಲೆ. ವರ್ಷಕ್ಕೊಮ್ಮೆ ಪ್ರವಾಸಿಗರ ತೆಪ್ಪಗಳನ್ನೆಲ್ಲ ಬೋರಲು ಹಾಕಿಸಿ ನೋಡಲಿ, ಡಾಂಬರಿನ ಖರ್ಚನ್ನ ಟಿಕೆಟ್ಟಿಗೇ ಸೇರಿಸಲಿ. ನಾನಂತೂ ಇನ್ನು ಚೌಕಾಸಿ ಮಾಡಲ್ಲ.

ಅವತ್ತು ಸಂಜೆ ಅವರು ತೆಪ್ಪಾನ ನೀರಿಗೆ ಬಿಟ್ಟು, ಒಳಗೆ ನಾಲ್ಕು ಕಲ್ಲು ಹೇರಿ, ದಡದ ಗೂಟಕ್ಕೆ ಕಟ್ಟಿದರು. "ಬೆಳಿಗ್ಗೆ ಬನ್ನಿ ಸಾರ್, ಒಳ್ಗೆ ಒಣಗಿದ್ರೆ ಒಂದ್ ಸುತ್ತ್ ಹಾಕ್ಸ್ತೀನಿ" ಅಂದರು. ಹೋದೆ. ಒಂದು ಕಡೆ ಅಂಗೈ ಅಗಲ ಒದ್ದೆ ಇತ್ತು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.