ಹಗ್ಗಕ್ಕೆ ಬೂಷ್ಟು ಬಂದಿದೆಯೇ? ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ

ಬಂಡೆ ಹತ್ತುವ ಆಟ ಈಗ ಬರೀ ಪಟ್ಟಣದವರದ್ದಲ್ಲ. ಬಾದಾಮಿಯ ಮರಳುಗಲ್ಲು, ರಾಮನಗರದ ಗ್ರಾನೈಟ್ ಬಂಡೆಗಳಿಗೆ ದೂರದ ಊರುಗಳಿಂದ ಜನ ಬರುತ್ತಾರೆ. ಸುತ್ತಲಿನ ಹಳ್ಳಿಗಳ ಹುಡುಗರೂ ಹತ್ತುತ್ತಾರೆ, ಬಂದವರನ್ನು ಹತ್ತಿಸುತ್ತಾರೆ. ಮಳೆಗಾಲದಲ್ಲಿ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಶೂ ಎಲ್ಲವೂ ಚೀಲ ಸೇರುತ್ತವೆ. ಚಳಿಗಾಲಕ್ಕೆ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ, ಮೇಲೆಲ್ಲ ಕಪ್ಪು–ಹಸಿರು ಚುಕ್ಕೆ.

ಆಗ ನಾವು ಮಾಡುವುದು ಎರಡೇ. ಒಂದೋ ಹೆದರಿ ಎಸೆಯುತ್ತೇವೆ, ಇಲ್ಲವೇ ಚರಂಡಿಗೆ ಹಾಕಿ ಉಳಿದ ಬ್ಲೀಚಿಂಗ್ ಪೌಡರ್‌ನಲ್ಲಿ ನೆನೆಸಿ, ಸುಡುಬಿಸಿಲಲ್ಲಿ ಒಣಗಿಸುತ್ತೇವೆ. ನನ್ನ ಪ್ರಕಾರ ಮೊದಲನೆಯದು ದುಡ್ಡಿನ ನಷ್ಟ, ಎರಡನೆಯದು ಜೀವಕ್ಕೇ ಕುತ್ತು.

ನಮ್ಮ ಹೆದರಿಕೆಗೆ ಕಾರಣ ಇದೆ. ನಾರಿನ ಹಗ್ಗ, ಹತ್ತಿ ಹಗ್ಗ ಬೂಷ್ಟು ಹಿಡಿದರೆ ಲಡ್ಡಾಗುತ್ತವೆ ಎಂದು ರೈತರಿಗೆಲ್ಲ ಗೊತ್ತು. ಆದರೆ ಬಂಡೆ ಹತ್ತುವ ಹಗ್ಗ ನೈಲಾನಿನದು. ಬೂಷ್ಟು ಸಾಮಾನ್ಯವಾಗಿ ನೈಲಾನನ್ನು ತಿನ್ನುವುದಿಲ್ಲ. ಅದರ ಮೇಲೆ ಕೂತ ಬೆವರು, ಮಣ್ಣು, ಕೊಳೆಯನ್ನು ತಿಂದು ಬದುಕುತ್ತದೆ. ತೊಗಲಿನ ಶೂ ಮಾತ್ರ ಬೇರೆ, ಅದನ್ನು ಬೂಷ್ಟು ನಿಜವಾಗಿಯೂ ಹಾಳು ಮಾಡುತ್ತದೆ.

ನೈಲಾನಿಗೆ ನಿಜವಾದ ಶತ್ರುಗಳು ಆಮ್ಲ, ಬ್ಲೀಚ್ ಮತ್ತು ಬಿಸಿಲು. ಬ್ಲೀಚಿಂಗ್ ಪೌಡರ್ ಹಾಕಿದರೆ ಹಗ್ಗ ಬೆಳ್ಳಗಾಗಬಹುದು, ಒಳಗಿನ ಎಳೆ ಸಾಯುತ್ತದೆ. ಫಿನಾಯಿಲ್, ನಿಂಬೆಹುಳಿಯೂ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಟರಿ ಆಸಿಡ್. ನಮ್ಮ ಮನೆಗಳಲ್ಲಿ ಇನ್ವರ್ಟರ್, ಟ್ರ್ಯಾಕ್ಟರ್ ಬ್ಯಾಟರಿ, ಔಷಧಿ ಹೊಡೆಯುವ ಪಂಪು, ಗೊಬ್ಬರದ ಚೀಲ ಇರುವ ಕೋಣೆಗೇ ಹಗ್ಗವೂ ಹೋಗುತ್ತದೆ. ಆಸಿಡ್ ತಾಗಿದ ಹಗ್ಗ ನೋಡಲು ಹೊಸದರಂತೆಯೇ ಇರಬಹುದು, ಆದರೆ ಭಾರ ಬಿದ್ದಾಗ ತುಂಡಾಗುತ್ತದೆ. ಅಂದರೆ ಚುಕ್ಕೆ ಬಿದ್ದು ಅಸಹ್ಯವಾದ ಹಗ್ಗ ಗಟ್ಟಿಯಿರಬಹುದು, ಬ್ಯಾಟರಿ ಪಕ್ಕ ಮಲಗಿದ್ದ ಚೆಂದದ ಹಗ್ಗ ಕೊಲ್ಲಬಹುದು. ಹಗ್ಗ ಎಲ್ಲಿತ್ತು ಎಂದು ಕೇಳದೆ ಬರೀ ಕಣ್ಣನ್ನು ನಂಬಿದರೆ ಮೋಸ ಹೋಗುತ್ತೇವೆ.

ಹಾಗಾದರೆ ಬೂಷ್ಟಿಗೆ ಏನು ಮಾಡಬೇಕು? ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ತಣ್ಣೀರು ಅಥವಾ 30 ಡಿಗ್ರಿ ಮೀರದ ಉಗುರುಬೆಚ್ಚಗಿನ ನೀರು, ಬ್ಲೀಚ್ ಇಲ್ಲದ ಸೌಮ್ಯ ಸೋಪು ಸಾಕು. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಗಾಳಿಯಾಡುವ ನೆರಳಲ್ಲಿ ಹರವಿ, ಒಳಗಿನವರೆಗೂ ಒಣಗಲು ಬಿಡಿ; ಮೂರ್ನಾಲ್ಕು ದಿನವಾದರೂ ಆಗಲಿ. ಕಲೆ ಉಳಿದರೆ ಉಳಿಯಲಿ, ಅದನ್ನು ಹೋಗಲಾಡಿಸಲು ಹಟ ಬೇಡ.

ಆಮೇಲೆ ಹಗ್ಗವನ್ನು ಗೇಣು ಗೇಣಾಗಿ ಬೆರಳಲ್ಲಿ ಹಿಡಿದು ನೋಡಿ. ಒಂದೆಡೆ ಚಪ್ಪಟೆ, ಒಂದೆಡೆ ಬಿರುಸು, ಒಳಗಿನ ಬಿಳಿ ತಿರುಳು ಕಾಣುವುದು, ಇವು ಯಾವುದಿದ್ದರೂ ಹಗ್ಗದ ಕೆಲಸ ಮುಗಿಯಿತು. ಹಾರ್ನೆಸ್‌ನ ಹೊಲಿಗೆ, ಮುಂದಿನ ಕುಣಿಕೆ ನೋಡಿ. 2006ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಟಾಡ್ ಸ್ಕಿನ್ನರ್ ಎಂಬ ಹೆಸರಾಂತ ಆರೋಹಿ ಸತ್ತಿದ್ದು ಸವೆದ ಆ ಕುಣಿಕೆ ಹರಿದು. ಅಂಥ ಪಳಗಿದವನಿಗೇ ಹಾಗಾದರೆ ನಮ್ಮ ಕಲಿಯುವ ಮಕ್ಕಳ ಗತಿ ಏನು? ಹಗ್ಗ, ಹಾರ್ನೆಸ್‌ಗಳನ್ನು ಬಳಸದೇ ಇಟ್ಟರೂ ಹತ್ತು ವರ್ಷಕ್ಕಿಂತ ಹೆಚ್ಚು ಇಡಬೇಡಿ ಎನ್ನುತ್ತಾರೆ ಬಹುತೇಕ ತಯಾರಕರು. ಪಟ್ಟಿಯಲ್ಲಿ ತಯಾರಾದ ವರ್ಷ ಇರುತ್ತದೆ, ಓದಿ.

"ಸಾವಿರಾರು ರೂಪಾಯಿ ಕೊಟ್ಟು ತಂದಿದ್ದನ್ನು ಎಸೆಯೋದಾ?" ಎನ್ನುವವರಿದ್ದಾರೆ. ಬೂಷ್ಟು ಕಂಡ ಕೂಡಲೇ ಎಸೆಯಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಅನುಮಾನ ಬಂದ ಹಗ್ಗಕ್ಕೆ ಕರುಣೆ ತೋರಿಸಬಾರದು. ಅದನ್ನು ಮೊಳದುದ್ದ ತುಂಡು ಮಾಡಿ, ಹೊರೆ ಕಟ್ಟಲು ಕೊಡಿ. ಇಡಿಯಾಗಿ ಬಿಟ್ಟರೆ ನಾಳೆ ಯಾರೋ ಗೊತ್ತಿಲ್ಲದವರು ಅದಕ್ಕೇ ಜೋತು ಬೀಳುತ್ತಾರೆ.

ಯುವಕ ಸಂಘ, ಕಾಲೇಜು, ಪಂಚಾಯಿತಿ ಎಲ್ಲರಿಗೂ ನನ್ನ ಬೇಡಿಕೆ ಒಂದೇ. ಸಾಮಾನು ಕೊಳ್ಳುವ ದಿನವೇ ಕಾಯುವವರೊಬ್ಬರನ್ನೂ ನೇಮಿಸಿ. ಬ್ಯಾಟರಿಯಿಲ್ಲದ, ಬಿಸಿಲು ಬೀಳದ ಕೋಣೆ, ಗೋಡೆಗೆ ತಾಗದಂತೆ ತೂಗುಹಾಕಲು ಒಂದು ಗೂಟ, ಎರಡು ರೂಲು ಎಳೆದ ಒಂದು ನೋಟ್‌ಬುಕ್ ಸಾಕು. ಯಾವತ್ತು ತೆಗೆದರು, ಯಾರು ತೆಗೆದರು, ಒದ್ದೆಯಾಗಿ ಬಂತೋ ಒಣಗಿ ಬಂತೋ, ಅಷ್ಟು ಬರೆಯಿರಿ. ಹಗ್ಗ ಕೊಂಡವರ ಹೆಸರಿನ ಫಲಕ ಎಲ್ಲ ಕಡೆ ಇರುತ್ತದೆ. ಅದನ್ನು ಒಣಗಿಸುವವರ ಹೆಸರು ಎಲ್ಲಿದೆ?